ಹಳೆಯ ಹಾಯಿದೋಣಿ ರಿಪೇರಿ: ಮೊದಲು ಡೆಕ್ಕಾ, ಎಂಜಿನ್ನಾ? ಮಾಡಿಸಿದವರು ಹೇಳಿ

ಹೊಸನಾವಿಕ:
ಎಲ್ಲರಿಗೂ ನಮಸ್ಕಾರ. ಮೇರಿಲ್ಯಾಂಡ್‌ನಲ್ಲಿದ್ದೇನೆ, ಚೆಸಪೀಕ್ ಕೊಲ್ಲಿಯ ದಡದಲ್ಲಿ. ಹೋದ ಅಕ್ಟೋಬರ್‌ನಲ್ಲಿ 1979ರ 30 ಅಡಿ ಫೈಬರ್ ಹಾಯಿದೋಣಿ ತಗೊಂಡೆ, 6,500 ಡಾಲರ್. ಎಂಜಿನ್ ಹಳೆಯ ಪೆಟ್ರೋಲ್ ಅಟಾಮಿಕ್ 4. ಓಡುತ್ತದೆ, ಆದರೆ ಚಳಿಗೆ ಸ್ಟಾರ್ಟ್ ಆಗಲು ಗೊಣಗುತ್ತದೆ. ಮಾಸ್ಟ್ (ಹಾಯಿ ಕಟ್ಟುವ ಕಂಬ) ಬುಡದ ಸುತ್ತ ಡೆಕ್, ಅಂದರೆ ದೋಣಿಯ ಮೇಲಿನ ಹಾಸು, ಮೆತ್ತಗಿದೆ, ಸುತ್ತಿಗೆಯ ಹಿಡಿಯಿಂದ ತಟ್ಟಿದರೆ ಟಣ್ ಅನ್ನುವುದಿಲ್ಲ, ದಬ್ ಅನ್ನುತ್ತದೆ. ಕೈಯಲ್ಲಿ 15,000 ಡಾಲರ್ ಇದೆ. ಎರಡು ವರ್ಷದಲ್ಲಿ ಕರಾವಳಿಯ ಒಳಬದಿಯ ಜಲಮಾರ್ಗ ಹಿಡಿದು ಫ್ಲಾರಿಡಾಕ್ಕೆ, ಅಲ್ಲಿಂದ ಬಹಾಮಾಸ್‌ಗೆ ಹೋಗುವ ಆಸೆ. ಮೊದಲು ಯಾವುದಕ್ಕೆ ಕೈ ಹಾಕಲಿ? ಇನ್ನೊಂದು ವಿಷಯ, ಇಲ್ಲಿ ಹಗಲಲ್ಲೂ 5 ಡಿಗ್ರಿ ದಾಟುತ್ತಿಲ್ಲ. ಈ ಚಳಿಯಲ್ಲಿ ಡೆಕ್ ರಿಪೇರಿಯ ಎಪಾಕ್ಸಿ ಅಂಟು ಗಟ್ಟಿ ಆಗುತ್ತಾ, ಇಲ್ಲ ಏಪ್ರಿಲ್‌ವರೆಗೆ ಕಾಯಬೇಕಾ?

ಅಲಮೇಡಾ_ಮಾವ:
ಎಂಜಿನ್, ಎಂಜಿನ್, ಎಂಜಿನ್. ನನ್ನ ಕಥೆ ಕೇಳಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ನನ್ನದೂ ಅದೇ ಕಾಲದ ದೋಣಿ, ಅದೇ ಪೆಟ್ರೋಲ್ ಎಂಜಿನ್. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಸೀದಾ ಬಿಲ್ಜ್‌ಗೆ, ಅಂದರೆ ದೋಣಿಯ ಒಳತಳಕ್ಕೆ, ಇಳಿದು ಕೂರುತ್ತದೆ. ನಾಲ್ಕು ನಿಮಿಷ ಬ್ಲೋವರ್ (ಆವಿ ಹೊರಹಾಕುವ ಫ್ಯಾನ್) ಹಾಕಿ, ಮೂಗು ಒಡ್ಡಿ ವಾಸನೆ ನೋಡಿ, ದೇವರನ್ನು ನೆನೆದು ಕೀ ತಿರುಗಿಸಬೇಕು. ಒಂದು ದಿನ ಮಗಳು ಒಳಗೆ ಮಲಗಿದ್ದಳು, ಆ ವಾಸನೆ ಬಂತು. ಅವತ್ತೇ ಡೀಸೆಲ್ ಎಂಜಿನ್ ಹಾಕಿಸುವ ತೀರ್ಮಾನ ಮಾಡಿದೆ.

14,000ದಲ್ಲಿ ಮುಗಿಯುತ್ತದೆ ಅಂದುಕೊಂಡಿದ್ದೆ. ಲೆಕ್ಕ ಬರೆದಿಟ್ಟಿದ್ದೇನೆ, ನೋಡಿ. ಡೀಸೆಲ್ ಎಂಜಿನ್ 11,400. ಹಳೆಯದು ಎಡಗಡೆ ತಿರುಗುವ ಪ್ರೊಪೆಲರ್, ಹೊಸದಕ್ಕೆ ಬಲಗಡೆಯದು ಬೇಕು, ಅದಕ್ಕೆ 620. ಶಾಫ್ಟ್, ಕಪ್ಲಿಂಗ್ ಸೇರಿ 1,180. ಹಳೆಯ ಎಕ್ಸಾಸ್ಟ್ ಪೈಪ್ ಸಣ್ಣದು, ಆದ್ದರಿಂದ ಪೈಪ್, ಮಫ್ಲರ್ ಎಲ್ಲ ಹೊಸದು, 740. ಟ್ಯಾಂಕ್ 890. ಎಂಜಿನ್ ಕೂರುವ ಕಟ್ಟೆಯ ಅಳತೆಯೂ ಬೇರೆ, ಅದನ್ನು ಕೊಯ್ದು ಹೊಸದಾಗಿ ಫೈಬರ್ ಹಾಕಿಸಲು ಕೂಲಿ 2,600. ಇಷ್ಟಾಗುವಾಗ ದೋಣಿ ನಾಲ್ಕು ತಿಂಗಳು ರಿಪೇರಿ ಯಾರ್ಡ್‌ನಲ್ಲಿ ಕೂತಿತ್ತು. ಮೂರು ವಾರ ಅಂದಿದ್ದರು! ಬಾಡಿಗೆ, ಕ್ರೇನ್ ಸೇರಿ 3,920. ಒಟ್ಟು 21,350. ಹೆಂಡತಿಗೆ ಹೇಳಿದ್ದು 16,000. ಆದರೂ ಒಂದು ಪೈಸೆ ದಂಡ ಅಂತ ಅನಿಸಿಲ್ಲ.

ನಾಲ್ಕುಸಿಲಿಂಡರ್:
ಮಾವನವರೇ, ನಿಮ್ಮ ದೋಣಿಯ ಬೆಲೆಯೇ 9,000 ಅಂತ ಹಿಂದೊಮ್ಮೆ ನೀವೇ ಹೇಳಿದ್ದಿರಿ. ಅದರೊಳಗೆ 21,000ದ ಎಂಜಿನ್ ಇಟ್ಟು, ಹೊಸಬರಿಗೆ ಅದನ್ನೇ ಉಪದೇಶ ಮಾಡುತ್ತಿದ್ದೀರಿ. ಅಟಾಮಿಕ್ 4 ಅಂದರೆ ಏನು ಗೊತ್ತಾ? 1947ರಿಂದ 1984ರವರೆಗೆ ಸುಮಾರು 40,000 ಎಂಜಿನ್ ತಯಾರಾಗಿವೆ, ಇವತ್ತಿಗೂ ಬಿಡಿಭಾಗ ಸಿಗುತ್ತವೆ. ಸದ್ದಿಲ್ಲ, ನಡುಕ ಇಲ್ಲ. ಸಿಂಕ್ ಪಕ್ಕ ಇಟ್ಟ ಕಾಫಿ ಲೋಟ ಅಲ್ಲಾಡುವುದಿಲ್ಲ. ನಿಮ್ಮ ಡೀಸೆಲ್‌ನಲ್ಲಿ ಹಲ್ಲು ಅಲ್ಲಾಡುತ್ತವೆ.

ಒಂಬತ್ತು ವರ್ಷದಲ್ಲಿ ನನಗೆ ಖರ್ಚಾಗಿದ್ದು 2,300 ಡಾಲರ್. ಎಲೆಕ್ಟ್ರಾನಿಕ್ ಇಗ್ನಿಷನ್, ಸಿಹಿನೀರು ಕೂಲಿಂಗ್ ಕಿಟ್, ಎರಡು ಸಲ ಕಾರ್ಬ್ಯುರೇಟರ್, ಒಂದು ಸಲ ನೀರಿನ ಪಂಪ್. ಅಷ್ಟೇ. ಮೊದಲ ವರ್ಷ ಮಾತ್ರ ಗೋಳು ಹೊಯ್ದುಕೊಂಡಿತು. ಉಪ್ಪುನೀರು ಹರಿಯುವ ದಾರಿಯಲ್ಲಿ ತುಕ್ಕು ಕಟ್ಟಿ ಬಿಸಿಯಾಗುತ್ತಿತ್ತು. ಆಸಿಡ್ ಹಾಕಿ ತೊಳೆದೆ. ಕಂದು ಕಷಾಯದ ಹಾಗೆ ಬಂತು ನೋಡಿ, ಬಕೆಟ್‌ಗಟ್ಟಲೆ! ಪೆಟ್ರೋಲ್ ಸೋರಿದರೆ ಅಪಾಯ, ಒಪ್ಪುತ್ತೇನೆ. ಅದಕ್ಕೇ ಪೈಪ್ ಬದಲಾಯಿಸಬೇಕು, ಎಂಜಿನ್ ಅಲ್ಲ.

ಅಲಮೇಡಾ_ಮಾವ:
ಕಾಫಿ ಲೋಟದ ಮೇಲೆ ಮಕ್ಕಳ ಜೀವ ತೂಗಬೇಡಿ.

ನಾಲ್ಕುಸಿಲಿಂಡರ್:
ಮಕ್ಕಳನ್ನು ಮಧ್ಯೆ ತಂದರೆ ವಾದ ಗೆದ್ದ ಹಾಗಾಯ್ತಾ? ನೀವು ಹಾಕಿಸಿದ್ದು ಭಯಕ್ಕೆ, ಈಗ ಸಮರ್ಥನೆ ಮಾಡಿಕೊಳ್ಳುವುದು ಬಿಲ್ ನೋಡಿ.

ಬಾಲ್ಸಾ_ಅಕ್ಕ:
ಗಂಡಸರು ಎಂಜಿನ್ ಅಂದ ತಕ್ಷಣ ಮೈಮೇಲೆ ಬಂದವರ ಹಾಗೆ ಆಡುತ್ತೀರಪ್ಪ. ತಮ್ಮ, ಎಂಜಿನ್ ಸತ್ತರೆ ಹಾಯಿ ಇದೆ. ಮಾಸ್ಟ್ ಬಿದ್ದರೆ ಏನಿದೆ? ನಾನು ನಾರ್ತ್ ಕೆರೊಲೈನಾದವಳು. ನನ್ನ ದೋಣಿಯಲ್ಲೂ ಇದೇ ದಬ್ ದಬ್. ಡೆಕ್ ಅಂದರೆ ಮೇಲೊಂದು ಫೈಬರ್ ಪದರ, ಕೆಳಗೊಂದು, ನಡುವೆ ಬಾಲ್ಸಾ ಮರ. ಸ್ಕ್ರೂ ತೂತಿನಿಂದ ನೀರು ಹೊಕ್ಕರೆ ಆ ಮರ ನೆನೆದ ರಸ್ಕಿನ ಹಾಗಾಗುತ್ತದೆ. ಯಾರ್ಡ್‌ನವರು 18,000 ಕೇಳಿದರು. ನಾನೇ ಮಾಡಿದೆ, ಸಾಮಾನಿಗೆ 1,140 ಡಾಲರ್, 214 ಗಂಟೆ. ಗಂಟೆ ಲೆಕ್ಕ ಬರೆದಿದ್ದು ನಮ್ಮವರು, ಕುರ್ಚಿಯಲ್ಲಿ ಕೂತುಕೊಂಡು.

ಮೇಲಿನ ಪದರವನ್ನು ಗ್ರೈಂಡರ್‌ನಲ್ಲಿ ಕೊಯ್ದು ಎತ್ತಿದಾಗ ಬಂದ ವಾಸನೆ ಮೂರು ದಿನ ತಲೆಕೂದಲಿನಿಂದ ಹೋಗಲಿಲ್ಲ. ಮೊದಲು ಒಂದಡಿ ಕೊಯ್ದರೆ ಸಾಕು ಅಂದುಕೊಂಡೆ. ಒದ್ದೆ ಮುಗಿಯಲಿಲ್ಲ. ಎರಡಡಿ, ನಾಲ್ಕಡಿ, ಕೊನೆಗೆ ಮುಂದಿನ ಹ್ಯಾಚ್‌ವರೆಗೂ (ಡೆಕ್ ಮೇಲಿನ ಮುಚ್ಚಳದ ಬಾಗಿಲು) ಹೋಯಿತು. ಕೂತು ಅತ್ತಿದ್ದೇನೆ. ಆಮೇಲೆ ಜುಲೈನ ಸೆಕೆಯಲ್ಲಿ ಎಪಾಕ್ಸಿಗೆ ಬೆರೆಸುವ ವೆಸ್ಟ್ ಸಿಸ್ಟಂನ ಬೇಗ ಗಟ್ಟಿಯಾಗಿಸುವ 205 ಹಾರ್ಡನರ್ ಬಳಸಿದೆ, ತಪ್ಪು ನನ್ನದೇ. ಡಬ್ಬಿ ತುಂಬ ಕಲಸಿ, ಫೋನ್ ಬಂತು ಅಂತ ಆ ಕಡೆ ಹೋದೆ. ಬರುವಷ್ಟರಲ್ಲಿ ಡಬ್ಬಿಯಿಂದ ಹೊಗೆ, ಪ್ಲಾಸ್ಟಿಕ್ ಕರಗಿ ಕೆಳಗಿನ ಹಲಗೆಗೆ ಅಂಟಿತ್ತು. ಅರ್ಧ ಗ್ಯಾಲನ್ ಹೋಯಿತು. ಫೋನ್ ಮಾಡಿದ್ದು ಅತ್ತೆ.

ಹಾಂ, ಚೈನ್‌ಪ್ಲೇಟ್, ಅಂದರೆ ಮಾಸ್ಟಿನ ತಂತಿಗಳನ್ನು ದೋಣಿಗೆ ಬಿಗಿಯುವ ಸ್ಟೀಲ್ ಪಟ್ಟಿ, ಬಿಚ್ಚಿ ನೋಡಿ. ಮೇಲೆ ಹೊಳೆಯುತ್ತಿತ್ತು ನಂದು. ಡೆಕ್ ಒಳಗೆ ಅಡಗಿರುವ ಜಾಗದಲ್ಲಿ ಕಂದು ಗೆರೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ಆಮ್ಲಜನಕ ಬೇಕು. ನೀರು ನಿಂತು ಗಾಳಿ ಸಿಗದ ಕಡೆ ಅದೂ ತಿಂದುಹೋಗುತ್ತದೆ. ವೈಸ್‌ಗೆ ಸಿಕ್ಕಿಸಿ ಸುತ್ತಿಗೆಯಲ್ಲಿ ಎರಡೇಟು ಹಾಕಿದೆ, ಚಕ್ಕುಲಿ ಹಾಗೆ ಮುರಿಯಿತು. ಮಾಸ್ಟ್ ಹಿಡಿದುಕೊಂಡಿದ್ದು ಅದು.

ಎರಡುಕೀಲು:
ಇಂಗ್ಲೆಂಡಿನ ಎಸೆಕ್ಸ್‌ನಿಂದ. ನಮ್ಮದು 1974ರ ವೆಸ್ಟರ್ಲಿ ಸೆಂಟಾರ್, 26 ಅಡಿ, ತಳದಲ್ಲಿ ರೆಕ್ಕೆಯಂಥ ಎರಡು ಕೀಲು (keel), ಇಳಿತ ಬಂದರೆ ಕೆಸರಿನ ಮೇಲೆ ಎಮ್ಮೆ ಹಾಗೆ ಆರಾಮಾಗಿ ಕೂರುತ್ತದೆ. ಯಾರ್ಡ್ ಬಾಡಿಗೆ ಇಲ್ಲ, ಕ್ರೇನ್ ಇಲ್ಲ. ನೀವೆಲ್ಲ ತಳ ಉಜ್ಜಲು ನೂರಾರು ಡಾಲರ್ ಕೊಡುತ್ತೀರಿ, ನಾನು ಬೂಟು ಹಾಕಿ ಇಳಿಯುತ್ತೇನೆ ಅಷ್ಟೇ.

ಆದರೆ ಒಳಚಾವಣಿ! ಅದರ ಬಗ್ಗೆ ಯಾಕೆ ಯಾರೂ ಬರೆಯುವುದಿಲ್ಲ? ಆ ಕಾಲದ ರೆಕ್ಸಿನ್ ಹಿಂದಿನ ಸ್ಪಂಜು ಪುಡಿಯಾಗಿ, ಬಟ್ಟೆ ಜೋತುಬಿದ್ದು ತಲೆಗೆ ತಾಗುತ್ತಿತ್ತು. ಎಂಟು ವಾರಾಂತ್ಯ ಮಲಗಿಕೊಂಡು ಕೆರೆದಿದ್ದೇನೆ, ಕಿವಿಯಲ್ಲೂ ಕಿತ್ತಳೆ ಪುಡಿ. ಹೊಸದು ಅಂಟಿಸಿದೆ, 480 ಪೌಂಡ್. ಮುಂದಿನ ಬೇಸಿಗೆಗೆ ಬಿಸಿಲು ಬಿದ್ದದ್ದೇ ತಡ, ರಾತ್ರಿ ಮಲಗಿದ್ದಾಗ ಮುಖದ ಮೇಲೆ ಬಿತ್ತು. ಅಂಟು ಅಗ್ಗದ್ದು ತಂದಿದ್ದೆ. ಮತ್ತೆ ಕೆರೆಯುವ ಕೆಲಸ. ಈಗ ತೆಳು ಪ್ಲೈವುಡ್ ಹಲಗೆಗೆ ಬಟ್ಟೆ ಸುತ್ತಿ ಸ್ಕ್ರೂ ಹಾಕಿದ್ದೇನೆ, ಇನ್ನೂ 310 ಪೌಂಡ್ ಹೋಯಿತು.

ನಾಲ್ಕುಸಿಲಿಂಡರ್:
ಅವರು ಕೇಳಿದ್ದು ಡೆಕ್, ಎಂಜಿನ್. ಚಾವಣಿ ಬಟ್ಟೆ ಯಾರು ಕೇಳಿದರು ಸಾರ್?

ಎರಡುಕೀಲು:
ನೀವು ಕಾಫಿ ಲೋಟದ ಕಥೆ ಹೇಳಬಹುದು, ನಾನು ಚಾವಣಿ ಹೇಳಬಾರದಾ?

ಗಂಗೊಳ್ಳಿ_ಮಾಣಿ:
ಎಲ್ಲ ಓದಿದೆ ಮಾರಾಯ್ರೇ, ನಗು ಬಂತು. ನನ್ನ ಅಪ್ಪ ದೋಣಿ ಕಟ್ಟುವ ಆಚಾರಿ. ಹೆಬ್ಬಲಸಿನ ಹಲಗೆ, ಸಂದಿಗೆ ಹತ್ತಿ ತುಂಬಿ ಬಡಿಯುವುದು, ವರ್ಷ ವರ್ಷ ಎಣ್ಣೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ, ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ರಿಪೇರಿ ಏನಿದ್ದರೂ ಆ ಮಳೆಯಲ್ಲೇ, ತಾಡಪಾಲು ಕಟ್ಟಿಕೊಂಡು. ಒಬ್ಬರು ಹಳೆಯ ಮರದ ಬೋಟಿಗೆ ಹೊರಗಿನಿಂದ ಫೈಬರ್ ಹೊದಿಸಿ ಅಂತ ಹಟ ಹಿಡಿದರು. ಅಪ್ಪ ಬೇಡ ಅಂದರು, ಒದ್ದೆ ಮರಕ್ಕೆ ರೇನ್‌ಕೋಟ್ ಹಾಕಿದರೆ ಒಳಗೇ ಕೊಳೆಯುತ್ತದೆ ಅಂತ. ಬೇರೆ ಕಡೆ ಮಾಡಿಸಿದರು, ನಾಲ್ಕು ಲಕ್ಷ. ಮೂರನೇ ವರ್ಷ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿವರೆಗೆ ಹೋಯಿತು. ನೀವು ಅಮೆರಿಕದಲ್ಲಿ ಅದನ್ನೇ ಕಾರ್ಖಾನೆಯಲ್ಲಿ ಮಾಡಿಸಿ ಡೆಕ್ ಅಂತ ಕರೆಯುತ್ತೀರಿ.

ಮತ್ತೆ, ಮಾಸ್ಟ್ ಮಾಸ್ಟ್ ಅಂತೀರಿ, ಕೂವೆ ಅಂತ ಪದ ಇದೆ ಕನ್ನಡದಲ್ಲಿ. ಬೋಟು ಅಂದರೆ ಎಂಜಿನ್ ಇರುವ ಮೀನಿನ ಬೋಟು. ಇದು ದೋಣಿ.

ಬಾಲ್ಸಾ_ಅಕ್ಕ:
ರೇನ್‌ಕೋಟ್ ಮಾತು ನೂರಕ್ಕೆ ನೂರು ಸರಿ ಮಾಣಿ. ಅದಕ್ಕೇ ಈಗ ಪ್ರತಿ ಸ್ಕ್ರೂ ತೂತನ್ನೂ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಆಮೇಲೆ ಅದರ ನಡುವೆ ಸಣ್ಣ ತೂತು ಕೊರೆಯುತ್ತೇನೆ. ನೀರು ಹೊಕ್ಕರೂ ಮರ ಮುಟ್ಟುವುದಿಲ್ಲ. ಮೇಲೆ ನೀರು ತಡೆಯುವ ಬ್ಯುಟೈಲ್ ಟೇಪ್. ಒಟ್ಟು 96 ತೂತು.

ಅಲಮೇಡಾ_ಮಾವ:
ಕೂವೆ ಅಂತ ಬರೆದರೆ ಇಲ್ಲಿ ಅರ್ಧ ಜನ ಕೂವೆ ಹಿಟ್ಟು ಅಂದುಕೊಳ್ಳುತ್ತಾರೆ. ಮತ್ತೆ ನಮ್ಮ ಹಾಯಿದೋಣಿಗೂ ಎಂಜಿನ್ ಇದೆಯಲ್ಲ, ಹಾಗಾದರೆ ಬೋಟಾ, ದೋಣಿಯಾ?

ಗಂಗೊಳ್ಳಿ_ಮಾಣಿ:
21,000ದ ಎಂಜಿನ್ ಇದ್ದರೆ ಬೋಟು, ಒಪ್ಪಿದೆ.

ಹೊಸನಾವಿಕ:
ಎಲ್ಲರಿಗೂ ಧನ್ಯವಾದ. ಓದಿದ ಮೇಲೆ ನಿನ್ನೆ ಒಂದು ಚೈನ್‌ಪ್ಲೇಟ್ ಬಿಚ್ಚಿದೆ. ಕಂದು ಗೆರೆ ಇದೆ. ಎಂಜಿನ್ ಈ ವರ್ಷ ಮುಟ್ಟುವುದಿಲ್ಲ, ಪೆಟ್ರೋಲ್ ಪೈಪ್ ಮಾತ್ರ ಹೊಸದು ಹಾಕುತ್ತೇನೆ. ಆದರೆ ಚಳಿ ಬಗ್ಗೆ ಕೇಳಿದ್ದೆ, ಯಾರೂ ಹೇಳಲಿಲ್ಲ.

ಬಾಲ್ಸಾ_ಅಕ್ಕ:
ಅಯ್ಯೋ, ಮರೆತೇಬಿಟ್ಟೆ. ನನ್ನನ್ನು ಕಾಡಿದ ಆ 205 ಇದೆಯಲ್ಲ, ಅದು 5 ಡಿಗ್ರಿವರೆಗೂ ಗಟ್ಟಿ ಆಗುತ್ತದೆ. ನಿಧಾನದ 206 ಬೇಡ, ಅದಕ್ಕೆ 16 ಡಿಗ್ರಿ ಬೇಕು. ರಾತ್ರಿ ಇನ್ನೂ ಇಳಿಯುತ್ತದೆ, ಅದಕ್ಕೆ ಟೆಂಟ್ ಕಟ್ಟಿ ಒಳಗೆ ಹೀಟರ್ ಇಡಿ. ಆದರೆ ಮೊದಲು ಮರ ಒಣಗಬೇಕು, ಚಳಿಗಾಲದಲ್ಲಿ ಆಗದ ಕೆಲಸ ಅದು. ಈಗ ಕೊಯ್ದು ಬಿಚ್ಚಿಡಿ, ಕೊಳೆತದ್ದು ತೆಗೆಯಿರಿ, ಏಪ್ರಿಲ್‌ನಲ್ಲಿ ಮುಚ್ಚಿ.

ನಾಲ್ಕುಸಿಲಿಂಡರ್:
ಎಂಜಿನ್ ಉಳಿಸಿಕೊಂಡಿರಿ, ಸಂತೋಷ. ಅಂದ ಹಾಗೆ ಮಾವನವರೇ, ನಿಮ್ಮ ಹಳೆಯ ಅಟಾಮಿಕ್ ಏನಾಯಿತು? ಗುಜರಿಗೆ ಹಾಕಿದ್ದೀರಾ?

ಅಲಮೇಡಾ_ಮಾವ:
ಗ್ಯಾರೇಜಿನಲ್ಲಿದೆ. ಎಡಗಡೆ ಪ್ರೊಪೆಲರ್, ಕಾರ್ಬ್ಯುರೇಟರ್, ಮ್ಯಾನಿಫೋಲ್ಡ್ ಎಲ್ಲ ಇದೆ. ಹೆಂಡತಿ ದಿನಾ ಬೈಯುತ್ತಾಳೆ.

ನಾಲ್ಕುಸಿಲಿಂಡರ್:
ಮ್ಯಾನಿಫೋಲ್ಡ್ ಬಿರುಕು ಬಿಟ್ಟಿಲ್ಲ ತಾನೇ? ಫೋಟೋ ಹಾಕಿ. ಸಾಗಾಟದ ಖರ್ಚು ನಾನು ಕೊಡುತ್ತೇನೆ.

ಅಲಮೇಡಾ_ಮಾವ:
ಸಾಗಾಟ ಪ್ಲಸ್ 200.