ಚಿಕ್ಕಮ್ಮ, ಅವನದ್ದು ನೆಪ ಅಲ್ಲ

ಚಿಕ್ಕಮ್ಮ, ನಿಮ್ಮ ಮೆಸೇಜ್ ನೋಡ್ದೆ. ಟೈಪ್ ಮಾಡ್ತಾ ಕೂತ್ರೆ ಮುಗಿಯಲ್ಲ ಅಂತ ವಾಯ್ಸ್ ಕಳಿಸ್ತಿದ್ದೀನಿ. ನಿಮ್ಮ ಹುಡುಗ ಹರಿಹರದ ಹತ್ರ ಬೈಕಿಂದ ಬಿದ್ದು 6 ತಿಂಗಳಾತು, ಸ್ಕ್ಯಾನ್ ನಾರ್ಮಲ್ ಐತೆ, ಆದ್ರೂ ತಲೆನೋವು ಅಂತ ಅಂಗಡಿ ಬಿಟ್ಟು ಮಲಗ್ತಾನೆ, ಎಲ್ಲಾ ನೆಪ ಅಂತ ಹಾಕಿದ್ದೀರಿ. ಹಂಗೆಲ್ಲ ಗ್ರೂಪಲ್ಲಿ ಹಾಕ್ಬೇಡ್ರಿ, ಅವನೂ ಇದಾನೆ ಇದ್ರಾಗೆ.

ಸಿ.ಟಿ. ಸ್ಕ್ಯಾನಲ್ಲಿ ಕಾಣೋದು ರಕ್ತಸ್ರಾವ, ಬುರುಡೆ ಬಿರುಕು, ಬಾವು, ಇಂಥವು. ತಲೆ ಜೋರಾಗಿ ಅಲುಗಿದಾಗ ಒಳಗಿನ ನರದ ಎಳೆ ಜಗ್ಗಿರ್ತವಲ್ಲ, ಅದು ಕಾಣಲ್ಲ. ಬಹಳ ಜನಕ್ಕೆ 3 ತಿಂಗಳೊಳಗೆ ವಾಸಿ ಆಗುತ್ತೆ, ಕೆಲವರಿಗೆ ವರ್ಷ ದಾಟುತ್ತೆ. ನಿದ್ದೆಗೇಡು, ಮರೆವು, ಸುಮ್‌ಸುಮ್ನೆ ಸಿಟ್ಟು, ಎಲ್ಲಾ ಆ ಪೆಟ್ಟಿಂದ ಬರಬಹುದು.

ಮಂಡಿಪೇಟೆ ಅಂಗಡಿಗೆ ಬಂದಾಗ ನಾನೇ ನೋಡ್ದೆ. ಟ್ಯೂಬ್‌ಲೈಟಿಗೆ ಬೆನ್ನು ಮಾಡ್ಕೊಂಡು ಬಿಲ್ ಬುಕ್ಕಲ್ಲಿ ಐದಾರು ಸಾಲು ಕೂಡಿಸ್ತಿದ್ದ. ಹೊರಗೆ ಲಾರಿ ಹಾರ್ನ್ ಹೊಡೀತು, ಪೆನ್ನು ನಿಂತೇ ಹೋತು. ಮತ್ತೆ ಮೊದಲಿಂದ. ಹಮಾಲರು ಮೂಟೆ ಇಳಿಸ್ತಾ ಕೂಗಿದ್ರು, ಮತ್ತೆ ಮೊದಲಿಂದ. ಹಣೆ ತುಂಬಾ ಬೆವರು. ಬಾಯಿಲೆಕ್ಕದಲ್ಲಿ ಚಿಕ್ಕಪ್ಪನ್ನೇ ಮೀರಿಸ್ತಿದ್ದ ಹುಡುಗ ರೀ ಅವನು!

ದುಗ್ಗಮ್ಮಗೆ ಹರಕೆ ತೀರಿಸ್ರಿ, ನಾನು ಬೇಡ ಅನ್ನಲ್ಲ. ಆದ್ರೆ ನರರೋಗದ ಡಾಕ್ಟರಿಗೆ ತೋರಿಸೋದು ಬಿಡ್ಬೇಡ್ರಿ. ಇಲ್ಲಿ ಆಗ್ಲಿಲ್ಲ ಅಂದ್ರೆ ಬೆಂಗಳೂರಿನ ನಿಮ್ಹಾನ್ಸ್ ಐತೆ. ದಿನಾ ತಲೆನೋವಿನ ಮಾತ್ರೆ ನುಂಗ್ತಾನಂತಲ್ಲ, ಅದನ್ನ ಮೊದಲು ಡಾಕ್ಟರಿಗೆ ಹೇಳ್ರಿ. ತಿಂಗಳಿಗೆ 15 ದಿನ ಹಂಗೇ ನುಂಗ್ತಾ ಹೋದ್ರೆ ಆ ಮಾತ್ರೆಯಿಂದಲೇ ತಲೆನೋವು ಬರಬಹುದು. ಮಗ್ಗುಲು ಬದಲಿಸಿದಾಗ ತಲೆ ಗಿರ್ರ್ ಅಂದ್ರೆ ಅದು ಕಿವಿಯೊಳಗಿನ ತೊಂದ್ರೆ ಇರಬಹುದು, ಡಾಕ್ಟರು ತಲೆ ಆ ಕಡೆ ಈ ಕಡೆ ತಿರುಗಿಸಿಯೇ ಸರಿ ಮಾಡ್ತಾರೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಕತ್ತಲೆ ರೂಮಲ್ಲಿ ದಿನವಿಡೀ ಮಲಗೋದೂ ಬೇಡ. ಬೆಳಿಗ್ಗೆ ಗದ್ದಲ ಇಲ್ದಾಗ ಅರ್ಧ ಗಂಟೆ ಅಂಗಡಿ, ತಲೆ ಭಾರ ಆಗೋಕೆ ಮುಂಚೆನೇ ಎದ್ದು ಬರ್ಲಿ, ತಡ್ಕೊಂಡ ಹಂಗೆ ಹೆಚ್ಚಿಸ್ರಿ. ಕುಡಿಯೋದು ಬೇಡ, ತಲೆಸುತ್ತು ನಿಲ್ಲೋ ತನಕ ಬೈಕೂ ಬೇಡ.

ನೋವು ದಿನದಿಂದ ದಿನಕ್ಕೆ ಜಾಸ್ತಿ ಆದ್ರೆ, ವಾಂತಿ ಮೇಲೆ ವಾಂತಿ ಆದ್ರೆ, ಮಾತು ತೊದಲಿದ್ರೆ, ಒಂದು ಕಡೆ ಕೈಕಾಲು ಸೋತ್ರೆ, ಫಿಟ್ಸ್ ಬಂದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡ್ರಿ.

ದೊಡ್ಡಪ್ಪ, ನೀವೂ ಕೇಳಿಸ್ಕೊಳ್ರಿ. ಬಚ್ಚಲಲ್ಲಿ ಜಾರಿ ತಲೆ ಬಡಿಸ್ಕೊಂಡ್ರಿ, ರಕ್ತ ತೆಳು ಮಾಡೋ ಮಾತ್ರೆ ಬೇರೆ ತಗೋತೀರಿ. ವಯಸ್ಸಾದೋರಿಗೆ ವಾರಗಟ್ಲೆ ಬಿಟ್ಟೂ ತಲೆಯೊಳಗೆ ರಕ್ತ ಸೇರ್ಕೊಳ್ಳಬಹುದು. ಡಾಕ್ಟರಿಗೆ ಒಂದು ಮಾತು ಹೇಳ್ರಿ.

ಚಿಕ್ಕಮ್ಮ, ಡಿಸ್ಚಾರ್ಜ್ ಕಾರ್ಡು, ಸ್ಕ್ಯಾನ್ ಫಿಲ್ಮು ಎಲ್ಲಾ ಒಂದು ಕವರಲ್ಲಿ ಹಾಕಿಡ್ರಿ. ಭಾನುವಾರ ಬಂದು ನೋಡ್ತೀನಿ.