ಸಹಾಯ ಬೇಕು: ಮಗುವಿನ ದನಿ ಮುದುಡದಂತೆ ಸ್ವರ ತಿದ್ದುವುದು ಹೇಗೆ?

ಹಿರಿಯ ಸಂಗೀತ ಶಿಕ್ಷಕರಿಗೆ ನಮಸ್ಕಾರಗಳು.

ತುಮಕೂರಿನ ಎಸ್.ಎಸ್. ಪುರಂನ ನಮ್ಮ ಮನೆಯಲ್ಲಿ 11 ಮಕ್ಕಳಿಗೆ ಕರ್ನಾಟಕ ಸಂಗೀತದ ಗಾಯನ ಕಲಿಸುತ್ತಿದ್ದೇನೆ. ಆರಂಭದ ಪಾಠಗಳ ರಾಗವಾದ ಮಾಯಾಮಾಳವಗೌಳದ ಶುದ್ಧ ರಿಷಭಕ್ಕೂ (ರಿ) ಅಂತರ ಗಾಂಧಾರಕ್ಕೂ (ಗ) ನಡುವಿನ ದೂರ ಹೆಚ್ಚಾದ್ದರಿಂದ, ಏರುವಾಗ ಹಲವು ಮಕ್ಕಳ ರಿಷಭ ತುಸು ಮೇಲಕ್ಕೆ ಸರಿಯುತ್ತದೆ. ಮೊದಲ ಸ್ವರಾಭ್ಯಾಸವಾದ ಸರಳೆ ವರಸೆಯಲ್ಲಿಯೇ ಅದನ್ನು ತಿದ್ದದಿದ್ದರೆ ಮುಂದಿನ ಪಾಠಗಳಾದ ಗೀತೆ, ವರ್ಣಗಳವರೆಗೂ ಆ ದೋಷ ಉಳಿದುಬಿಡುತ್ತದೆ ಎಂಬುದು ನನ್ನ ಅನುಭವ.

ಕಳೆದ ತಿಂಗಳು 9 ವರ್ಷದ ಹುಡುಗಿಯೊಬ್ಬಳನ್ನು ಎಲ್ಲರೆದುರು ನಾಲ್ಕು ಬಾರಿ ತಡೆದು ಅದೇ ಸ್ವರವನ್ನು ಹಾಡಿಸಿದೆ. ಐದನೆಯ ಬಾರಿ ಸ್ವರವೇನೋ ಸರಿಯಾಗಿ ಬಂತು, ಆದರೆ ಅಂದಿನಿಂದ ಅವಳು ಬಾಯಿ ತೆರೆದು ಹಾಡದೆ, ತಂಬೂರಿಯ ನಾದದಲ್ಲಿ ಮುಳುಗಿಹೋಗುವಷ್ಟು ಮೆಲ್ಲಗೆ ಗುನುಗುತ್ತಾಳೆ. ತಪ್ಪು ನನ್ನದೇ, ಇದು ನನ್ನನ್ನು ಬಹಳ ಕಾಡುತ್ತಿದೆ. ಹಾಗೆಂದು ನಾನು ಬರೀ ‘ಚೆನ್ನಾಗಿದೆ’ ಎನ್ನುತ್ತಾ ಬಂದ ಇನ್ನೊಬ್ಬ ಹುಡುಗ ಎರಡನೆಯ ಕಾಲಕ್ಕೆ (ದುಪ್ಪಟ್ಟು ವೇಗಕ್ಕೆ) ಬರುತ್ತಲೇ ತಾಳ ತಪ್ಪುತ್ತಾನೆ, ಮನೆಯಲ್ಲಿ ಅಭ್ಯಾಸವನ್ನೂ ಬಿಟ್ಟಿದ್ದಾನೆ.

ತಪ್ಪನ್ನು ಗುಂಪಿನಲ್ಲಿಯೇ ತಿದ್ದಬೇಕೋ, ಪಾಠ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ತಿದ್ದಬೇಕೋ? ಆ ಹುಡುಗಿ ಮತ್ತೆ ದನಿ ತೆರೆದು ಹಾಡುವಂತಾಗಲು ಮೊದಲು ಏನನ್ನು ಹಾಡಿಸಲಿ? ಇಂತಹ ಸಂದರ್ಭವನ್ನು ಎದುರಿಸಿದವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.