ಐಡಿಯಲ್ಲಿ ಕೋಲನ್, ಚುಕ್ಕಿ ಇದ್ದರೆ ಕ್ವೆರಿಸೆಲೆಕ್ಟರ್ ಯಾಕೆ ಕೆಲಸ ಮಾಡುವುದಿಲ್ಲ?

ಕಟಪಾಡಿ_ಜಂಕ್ಷನ್:
ಮಂಗಳೂರು–ಉಡುಪಿ ಬಸ್ ಟೈಮಿಂಗ್ ತೋರಿಸುವ ಸಣ್ಣ ಪೇಜ್ ಮಾಡುತ್ತಿದ್ದೇನೆ. (ಆ ರೂಟಿನ ಬಸ್ಸುಗಳು ಟೈಮ್ ನೋಡಿ ಓಡುತ್ತವಾ ಅಂತ ಕೇಳಬೇಡಿ.) ಸರ್ವರ್‌ನಿಂದ ಪ್ರತಿ ಸಾಲಿಗೂ ಮೂಲ್ಕಿ:6.40 ತರದ ಐಡಿ (ಪೇಜಿನಲ್ಲಿ ಆ ಸಾಲಿನ ಗುರುತಿನ ಹೆಸರು) ಬರುತ್ತದೆ, ಅದನ್ನು ನಾನು ಬದಲಾಯಿಸುವ ಹಾಗಿಲ್ಲ. ಸಾಲನ್ನು ಹುಡುಕಲು ಜಾವಾಸ್ಕ್ರಿಪ್ಟ್‌ನಲ್ಲಿ ಕ್ವೆರಿಸೆಲೆಕ್ಟರ್("#ಮೂಲ್ಕಿ:6.40") ಅಂದರೆ ಸಿಂಟ್ಯಾಕ್ಸ್ ಎರರ್. ಕೋಲನ್ ಹಿಂದೆ ಒಂದು \ ಹಾಕಿದರೂ ಅದೇ ಎರರ್. ಆದರೆ ಸುರತ್ಕಲ್.ಲೋಕಲ್ ಅನ್ನುವ ಐಡಿಗೆ ಎರರೇ ಇಲ್ಲ, ಸುಮ್ನೆ ನಲ್ (ಏನೂ ಸಿಗಲಿಲ್ಲ ಅಂತ) ಬರುತ್ತದೆ. ಐಡಿಯಲ್ಲಿ ಕೋಲನ್ ಇಡಲೇಬಾರದಾ?

ಮಣಿಪಾಲದ_ಮಳೆ:
ಧಾರಾಳ ಇಡಬಹುದು ಮಾರಾಯ್ರೆ. ಎಚ್‌ಟಿಎಂಎಲ್‌ನದ್ದು ಏನೂ ತಕರಾರಿಲ್ಲ, ಐಡಿಯೊಳಗೆ ಸ್ಪೇಸ್ ಇರಬಾರದು ಅಷ್ಟೇ. ಕಿರಿಕಿರಿ ಸೆಲೆಕ್ಟರ್‌ದು, ಅಂದರೆ ಹುಡುಕಲು ನೀವು ಕೊಡುವ # ಇರುವ ಸ್ಟ್ರಿಂಗಿನದು. ಕೋಲನ್ ಕಂಡ ಕೂಡಲೇ ಅದು ಹೋವರ್, ಫೋಕಸ್ ತರದ್ದು (ಎಲಿಮೆಂಟಿನ ಸ್ಥಿತಿ ಹೇಳುವ ಪದ) ಬರುತ್ತದೆ ಅಂತ ಕಾಯುತ್ತದೆ, ನಿಮ್ಮಲ್ಲಿ ಬಂದದ್ದು 6. ಚುಕ್ಕಿ ಅಂದರೆ ಅದಕ್ಕೆ ಕ್ಲಾಸ್. ಹಾಗಾಗಿ ಐಡಿ ಸುರತ್ಕಲ್, ಕ್ಲಾಸ್ ಲೋಕಲ್ ಇರುವ ಸಾಲನ್ನು ಹುಡುಕಿತು, ಸಿಗಲಿಲ್ಲ, ನಲ್ ಕೊಟ್ಟಿತು. ಎರರ್ ಬಂದರಾದರೂ ಗೊತ್ತಾಗುತ್ತದೆ, ಇಂಥದ್ದೇ ಜಾಸ್ತಿ ತಲೆನೋವು.
\ ಹಾಕಿದರೆ ಮುಂದಿನ ಚಿಹ್ನೆಯನ್ನು ಸೆಲೆಕ್ಟರ್ ಹೆಸರಿನ ಭಾಗ ಅಂತಲೇ ಓದುತ್ತದೆ. ಆದರೆ ಒಂದು \ ಸಾಲುವುದಿಲ್ಲ, ಜಾವಾಸ್ಕ್ರಿಪ್ಟ್ ಸ್ಟ್ರಿಂಗೇ ಅದನ್ನು ನುಂಗಿಬಿಡುತ್ತದೆ. ಎರಡು ಹಾಕಿ:
"#ಮೂಲ್ಕಿ\\:6\\.40"
ಸಿಎಸ್ಎಸ್ (ಪೇಜಿನ ಸ್ಟೈಲ್) ಫೈಲಿನಲ್ಲಾದರೆ ಒಂದೇ ಸಾಕು.

ಪಡುಬಿದ್ರಿಯವ:
ಕೈಯಲ್ಲಿ \ ಹಾಕುವ ಕೆಲಸ ಬೇಡ, ಸಿಎಸ್ಎಸ್.ಎಸ್ಕೇಪ್() ತಾನೇ ಹಾಕಿಕೊಡುತ್ತದೆ. ನಾಳೆ ಐಡಿ 6.40-ಮೂಲ್ಕಿ ಅಂತ ಬಂದರೆ ಎಂತ ಮಾಡುತ್ತೀರಿ? ಮೊದಲಿನ ಅಂಕಿಗೂ \ ಬೇಕು, ಆದರೆ \6 ಅಂದರೆ ಅದನ್ನು ಯುನಿಕೋಡ್ ನಂಬರ್ ಅಂತ ಓದುತ್ತದೆ, \36 (6ರ ಯುನಿಕೋಡ್ ನಂಬರ್) ಬರೆದು ಒಂದು ಸ್ಪೇಸ್ ಬಿಡಬೇಕು. ಯಾರಿಗೆ ನೆನಪಿರುತ್ತದೆ ಹೇಳಿ.
"#" + ಸಿಎಸ್ಎಸ್.ಎಸ್ಕೇಪ್(ಐಡಿ)
# ಹೊರಗೇ ಇರಲಿ, ಒಳಗೆ ಹಾಕಿದರೆ ಅದೂ ಎಸ್ಕೇಪ್ ಆಗುತ್ತದೆ. ಜೆಕ್ವೆರಿ (ಜಾವಾಸ್ಕ್ರಿಪ್ಟ್ ಲೈಬ್ರರಿ) ವರ್ಷನ್ 3.0ರಿಂದ $.ಎಸ್ಕೇಪ್‌ಸೆಲೆಕ್ಟರ್() ಉಂಟು. ಬರೀ ಐಡಿಯಿಂದ ಹುಡುಕುವುದಾದರೆ ಇದ್ಯಾವುದೂ ಬೇಡ, ಗೆಟ್‌ಎಲಿಮೆಂಟ್‌ಬೈಐಡಿಗೆ ಐಡಿಯನ್ನು ಇದ್ದ ಹಾಗೇ ಕೊಡಿ.

ಕಟಪಾಡಿ_ಜಂಕ್ಷನ್:
ಸಾಲಿನೊಳಗಿನ ಕೊನೆಯ ಕಾಲಂ ಬೇಕಿತ್ತು, ಅದಕ್ಕೆ ಎಸ್ಕೇಪ್() ಹಾಕಿದೆ. ಮೂಲ್ಕಿ ಬಂತು. "ಸುರತ್ಕಲ್.ಲೋಕಲ್" ಅಂತ ಕೊಟ್ಟರೆ ಈಗಲೂ ನಲ್!

ಮಣಿಪಾಲದ_ಮಳೆ:
ಕೊನೆಯಲ್ಲಿ ಅರ್ಧಾಕ್ಷರ ಇರುವ ಹೆಸರು ಅಲ್ವಾ, ಸರ್ವರ್‌ನ ಐಡಿಯಲ್ಲಿ ಲ್ ಆದ ಮೇಲೆ ಝಡ್‌ಡಬ್ಲ್ಯುಎನ್‌ಜೆ (ಮುಂದಿನ ಅಕ್ಷರ ಒತ್ತಾಗಿ ಸೇರದಂತೆ ತಡೆಯುವ ಯುನಿಕೋಡ್ ಚಿಹ್ನೆ) ಕೂತಿರಬಹುದು. ಕೆಲವು ಕನ್ನಡ ಟೈಪಿಂಗ್ ಟೂಲ್‌ಗಳು ತಾವಾಗಿಯೇ ಸೇರಿಸುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಎಸ್ಕೇಪ್() ಕೂಡ ಅದನ್ನು ಮುಟ್ಟುವುದಿಲ್ಲ. ಎರಡೂ ಸ್ಟ್ರಿಂಗ್‌ಗಳ ಲೆಂತ್ ಪ್ರಿಂಟ್ ಮಾಡಿ ನೋಡಿ, ಸರ್ವರ್‌ದು ಜಾಸ್ತಿ ಬಂದರೆ ಅದೇ. ಆಮೇಲೆ ಹೆಸರನ್ನು ನೀವು ಟೈಪ್ ಮಾಡಬೇಡಿ, ಅವರ ಡೇಟಾದಲ್ಲಿ ಇರುವುದನ್ನೇ ಎಸ್ಕೇಪ್()ಗೆ ಕೊಡಿ.